ಬೆಳಗಾವಿಯ ಫಡೆಪ್ಪ, 42.75 ಕಿಲೋಮೀಟರ್ ಮತ್ತು ನಮ್ಮ ಠಾಣೆಯ ಓಟದ ಗುಂಪು

ವಿಡಿಯೋ ನೋಡೋಕೆ ಟೈಮಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗೆ ಎಂದಿನ ಹಾಗೆ ಮಾತಿನ ಬರಹರೂಪ ಇಲ್ಲಿದೆ. ಬಾಯಲ್ಲಿ ಹೇಳೋಕೆ ಕಷ್ಟವಾದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೇನೆ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಭಾರತದ ಪರವಾಗಿ ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಮನುಷ್ಯ ಯಾರು? ನಮ್ಮ ಠಾಣೆಯ ಓಟದ ಗುಂಪಿನಲ್ಲಿ ಇದನ್ನು ಕೇಳಿದೆ. ಭಾನುವಾರ ಬೆಳಗ್ಗೆ ಐದೂವರೆಗೆ ಉಪವನ್ ಕೆರೆ ಹತ್ತಿರ ಸೇರುವ ಮಂದಿ ನಾವು. ಹೆಚ್ಚಿನವರು ಐಟಿ, ಬ್ಯಾಂಕು, ಒಬ್ಬಿಬ್ಬರು ಡಾಕ್ಟರು. ಕನ್ನಡ ಮಾತಾಡುವವರು ಹತ್ತು ಹನ್ನೆರಡು ಜನ ಇರಬಹುದು. ಎಲ್ಲರಿಗೂ ಎಲಿಯಡ್ ಕಿಪ್ಚೋಗೆ ಗೊತ್ತು, ಅವನು ಹಾಕುವ ಶೂ ಮಾಡೆಲ್ ಕೂಡ ಗೊತ್ತು. ಈ ಪ್ರಶ್ನೆಗೆ ಮಾತ್ರ ಒಬ್ಬರೂ ಉತ್ತರ ಹೇಳಲಿಲ್ಲ.

ಉತ್ತರ: ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ. ವರ್ಷ 1920, ಜಾಗ ಬೆಲ್ಜಿಯಂನ ಆಂಟ್‌ವರ್ಪ್. ಸ್ಥಾನ 19.

ಬೆಳಗಾವಿಯವನೊಬ್ಬ ಅಲ್ಲಿಯ ತನಕ ಹೋಗಿದ್ದು ಹೇಗೆ ಅನ್ನೋ ಕಥೆ ಪುಣೆಯಿಂದ ಶುರುವಾಗುತ್ತೆ. ಜಮ್ಷೆಡ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ ಟಾಟಾ ಕೇಂಬ್ರಿಜ್‌ನಲ್ಲಿ ಓದಿ, ಅಲ್ಲೇ ಆಟೋಟದ ಹುಚ್ಚು ಹಿಡಿಸಿಕೊಂಡು ಬಂದವರು. ಪುಣೆಯ ಡೆಕ್ಕನ್ ಜಿಮ್‌ಖಾನಾದವರು ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ರು. 1919ರ ಸುಮಾರಿಗೆ ಅಲ್ಲಿ ನಡೆದ ಕ್ರೀಡಾಕೂಟದಲ್ಲಿ ತಾವು ಕಂಡದ್ದನ್ನು ದೊರಾಬ್‌ಜಿ ಹತ್ತು ವರ್ಷ ಬಿಟ್ಟು, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಆ ಪತ್ರದ ಸಾರ ಹೀಗಿದೆ. ಓಡೋಕೆ ಬಂದವರೆಲ್ಲ ಹೊಲದಲ್ಲಿ ದುಡಿಯುವ ರೈತರ ಹುಡುಗರು. ಹೊಟ್ಟೆಗೆ ಸಿಗುತ್ತಿದ್ದದ್ದು ಬಡವರ ಊಟ. ಯುರೋಪಿನ ನಿಯಮ, ತರಬೇತಿ ಯಾವುದೂ ಗೊತ್ತಿಲ್ಲ. ಮೈದಾನ ಚಿಕ್ಕದು, ಟ್ರ್ಯಾಕ್ ಅಂದ್ರೆ ರೋಲರ್ ಕಾಣದ ಹುಲ್ಲು. ನೂರು ಗಜದ ಓಟವನ್ನೂ ತಿರುವಿನಲ್ಲೇ ಓಡಿಸೋಕೆ ಹೊರಟಿದ್ದರಂತೆ. ಎಲ್ಲಿ ಓಡಿದರೇನು, ಓಟ ಓಟವೇ ತಾನೇ!

ಅವತ್ತಿನ ಮುಖ್ಯ ಸ್ಪರ್ಧೆ ಸುಮಾರು 25 ಮೈಲಿಯ ದೂರದ ಓಟ. ಹುಡುಗರು ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿದ್ರು. ಅವರು ತಗೊಂಡ ಸಮಯ ನೋಡಿದ್ರೆ ಯುರೋಪಿನವರ ಸಮಯಕ್ಕೆ ಹೋಲಿಸಬಹುದಾದಂಥದ್ದು. ನೋಡೋಕೆ ಬಂದವರಲ್ಲಿ ಬಾಂಬೆ ಗವರ್ನರ್ ಜಾರ್ಜ್ ಲಾಯ್ಡ್ ಕೂಡ ಇದ್ದರು. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಅನ್ನೋ ಮಾತು ಅಲ್ಲಿ ಹುಟ್ಟಿತು. ಮುಂದಿನ ವರ್ಷ ಆರು ಜನರ ತಂಡ ಹಡಗು ಹತ್ತಿತು. ನಾಲ್ವರು ಓಟಗಾರರು, ಇಬ್ಬರು ಪೈಲ್ವಾನರು. ಬಂಗಾಳದ ಪೂರ್ಣಚಂದ್ರ ಬ್ಯಾನರ್ಜಿ ಧ್ವಜ ಹಿಡಿದರು. ಮ್ಯಾರಥಾನ್‌ಗೆ ನಿಂತವರು ಇಬ್ಬರು, ಸದಾಶಿವ ದಾತಾರ್ ಮತ್ತು ನಮ್ಮ ಚೌಗುಲೆ. ದಾತಾರ್ ಓಟ ಮುಗಿಸಲಿಲ್ಲ, ಚೌಗುಲೆ ಮುಗಿಸಿದರು.

ಓಡುವವರು ಈಗ ಬರುವ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ. ಮ್ಯಾರಥಾನ್ ಅಂದ್ರೆ 42.195 ಕಿ.ಮೀ. ಅಂತ ನಾವು ಬಾಯಿಪಾಠ ಮಾಡಿಕೊಂಡಿದ್ದೀವಿ, ಆದರೆ ಆ ಅಳತೆ ಕಾಯಂ ಆಗಿದ್ದು 1921ರಲ್ಲಿ. ಅದಕ್ಕೂ ಮುಂಚೆ ಪ್ರತಿ ಒಲಿಂಪಿಕ್ಸ್‌ನವರು ತಮಗೆ ಅನುಕೂಲವಾದಷ್ಟು ದೂರ ಇಡ್ತಿದ್ರು. ಆಂಟ್‌ವರ್ಪ್‌ನಲ್ಲಿ ಇಟ್ಟದ್ದು 42.75 ಕಿ.ಮೀ. ಒಲಿಂಪಿಕ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. 1920ರ ಆಗಸ್ಟ್ 22ರಂದು ಆ ದೂರವನ್ನು ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿದರು. ಭಾಗಿಸಿ ನೋಡಿ, ಕಿಲೋಮೀಟರಿಗೆ ನಾಲ್ಕು ನಿಮಿಷ, ಅದಕ್ಕಿಂತ ಒಂದು ಕೂದಲೆಳೆ ಕಡಿಮೆ. ಅದೇ ವೇಗದಲ್ಲಿ ಈಗಿನ ಮ್ಯಾರಥಾನ್ ಓಡಿದ್ದರೆ ಸುಮಾರು 2 ಗಂಟೆ 48 ನಿಮಿಷ 30 ಸೆಕೆಂಡು ಆಗ್ತಿತ್ತು. ನಮ್ಮ ಗುಂಪಿನಲ್ಲಿ "ಸಬ್-ತ್ರೀ" ಅನ್ನೋದು ಒಂದು ಮಂತ್ರ. ಅದಕ್ಕೆ ಬೇಕಾದ ವೇಗ ಕಿಲೋಮೀಟರಿಗೆ 4 ನಿಮಿಷ 16 ಸೆಕೆಂಡು. ಕಾರ್ಬನ್ ಪ್ಲೇಟ್ ಶೂ, ಜೆಲ್, ಎದೆಗೆ ಕಟ್ಟುವ ಪಟ್ಟಿ, ಕೋಚಿಂಗ್ ಆ್ಯಪ್ ಎಲ್ಲ ಇಟ್ಟುಕೊಂಡೂ ನಮ್ಮಲ್ಲಿ ಇನ್ನೂ ಯಾರಿಗೂ ಅದು ದಕ್ಕಿಲ್ಲ.

ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್, 2:32:35. ಎರಡನೆಯವನು ಎಸ್ಟೋನಿಯಾದ ಯೂರಿ ಲಾಸ್ಮನ್, ಬರೀ 13 ಸೆಕೆಂಡು ಹಿಂದೆ. ಚೌಗುಲೆ ಗೆದ್ದವನಿಗಿಂತ ಹದಿನೆಂಟು ನಿಮಿಷ ಹಿಂದೆ ಬಂದರು. ಕೊಲೆಹ್ಮೈನೆನ್ 1912ರ ಸ್ಟಾಕ್‌ಹೋಮ್‌ನಲ್ಲೇ ಮೂರು ಚಿನ್ನ ಗೆದ್ದಿದ್ದವನು, ಪಳಗಿದ ಕೈ, ಅಲ್ಲ, ಪಳಗಿದ ಕಾಲು. ಅಂಥವನ ಪಕ್ಕ ಇಟ್ಟು ನೋಡಿದರೆ 19ನೇ ಸ್ಥಾನ ಸಣ್ಣದಲ್ಲ.

ಈ ಹೆಸರನ್ನು ಗುಂಪಿನ ವಾಟ್ಸಾಪ್‌ಗೆ ಹಾಕಿದ ದಿನ ಏನಾಯ್ತು ಅಂತ ಊಹಿಸೋದು ಕಷ್ಟವಲ್ಲ. ಟೀ-ಶರ್ಟ್ ಬೆನ್ನ ಮೇಲೆ ಯಾರದಾದರೂ ಹೆಸರು ಹಾಕಿಸೋಣ ಅನ್ನೋ ಮಾತು ನಡೀತಿತ್ತು, ಚೌಗುಲೆ ಹೆಸರು ಸೂಚಿಸಿದೆ. ಮರಾಠಿ ಗೆಳೆಯರಿಗೆ ಖುಷಿಯೋ ಖುಷಿ. ಪುಣೆಯ ಜಿಮ್‌ಖಾನಾ, ಚೌಗುಲೆ ಅನ್ನೋ ಅಡ್ಡಹೆಸರು, ಹಾಗಾಗಿ "ಆಪ್ಲಾ ಮಾಣೂಸ್" ಅಂದರು. ನಮ್ಮವರು ಬಿಡ್ತಾರಾ? "ಫಡೆಪ್ಪ, ದರೆಪ್ಪ, ಒಂದೇ ಹೆಸರಲ್ಲಿ ಎರಡು ಅಪ್ಪ ಇದಾರೆ, ಇನ್ನೇನ್ರೀ ಪ್ರೂಫ್ ಬೇಕು?" ಅಂತ ಧಾರವಾಡದ ಗೆಳೆಯ ಬರೆದ. ಸಂಜೆ ಹೊತ್ತಿಗೆ ಗಡಿ ವಿವಾದದ ಪೂರ್ತಿ ಫೈಲೇ ತೆರೆದುಕೊಂಡಿತ್ತು. ಇಬ್ಬರು ಗುಂಪು ಬಿಟ್ಟರು, ರಾತ್ರಿ ಮತ್ತೆ ಸೇರಿದರು.

ನನ್ನ ಪ್ರಕಾರ ಎರಡೂ ಕಡೆಯ ಪ್ರೂಫ್ ನಿಲ್ಲಲ್ಲ. ಚೌಗುಲೆ ಅನ್ನೋದು ಮೂಲತಃ ಊರಿನ ಒಂದು ಹುದ್ದೆ, ಪಾಟೀಲರ ಕೈಕೆಳಗಿನ ಅಧಿಕಾರಿ. ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿ ಸೀಮೆಯಲ್ಲಿ ಈ ಅಡ್ಡಹೆಸರಿನವರು ಮನೆಯಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ, ಮರಾಠಿ ಮಾತಾಡುವವರೂ ಇದ್ದಾರೆ. ಅಪ್ಪ ಅಂತ ಕೊನೆಯಾಗುವ ಹೆಸರು ಕೊಲ್ಹಾಪುರದ ಕಡೆಗೂ ಧಾರಾಳ. ಇನ್ನೊಂದು ಮುಖ್ಯ ಮಾತು ನಾವು ಮರೀತೀವಿ. 1920ರಲ್ಲಿ ಈ ಗಡಿಯೇ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಎಲ್ಲವೂ ಪುಣೆ, ಠಾಣೆಗಳ ಜೊತೆಗೇ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದವು, 1956ರ ನವೆಂಬರ್ 1ರವರೆಗೆ ಒಂದೇ ರಾಜ್ಯವಾಗಿಯೇ ಇದ್ದವು. ಬೆಳಗಾವಿಯವನಿಗೆ ಪುಣೆ ಅಂದ್ರೆ ಪರಊರು, ಪರರಾಜ್ಯ ಅಲ್ಲ. ಓಟ ಇದ್ದದ್ದು ಅಲ್ಲಿ, ಅದಕ್ಕೇ ಅಲ್ಲಿಗೆ ಹೋದ. ಕೆಲಸ ಇಲ್ಲಿತ್ತು ಅಂತ ನಾವು ಇಲ್ಲಿಗೆ ಬಂದಿಲ್ವಾ, ಹಾಗೇ. ಕೊನೆಗೆ ಟೀ-ಶರ್ಟಿಗೆ ಹೆಸರಿನ ಬದಲು 42.75 ಅನ್ನೋ ಸಂಖ್ಯೆ ಹಾಕಿಸಿದ್ವಿ. ಸಂಖ್ಯೆಗೆ ಭಾಷೆ ಇಲ್ಲ ನೋಡಿ, ಎಲ್ಲರೂ ಒಪ್ಪಿದರು.

ಇದಕ್ಕಿಂತ ನನಗೆ ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ನಮ್ಮದು ಹವ್ಯಾಸಿ ಗುಂಪು. ಮುಂಬೈ ಮ್ಯಾರಥಾನ್‌ನಲ್ಲೂ ನಾವು ಓಡೋದು ಅಮೆಚೂರ್ ವಿಭಾಗದಲ್ಲಿ. ಹಣ ತಗೊಳ್ಳದೆ ಖುಷಿಗೆ ಓಡೋರು ಅಂತ ಇವತ್ತಿನ ಅರ್ಥ. ಆದರೆ ಈ ಪದದ ಹಿನ್ನೆಲೆ ಅಷ್ಟು ಚೆನ್ನಾಗಿಲ್ಲ. 1860ರ ದಶಕದಲ್ಲಿ ಲಂಡನ್ನಿನಲ್ಲಿ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಅಂತ ಶುರುವಾಯ್ತು. ಅದರ ನಿಯಮದ ಪ್ರಕಾರ ಮೆಕ್ಯಾನಿಕ್ಕು, ಕುಶಲಕರ್ಮಿ, ಕೂಲಿಯವನು ಅಮೆಚೂರ್ ಆಗೋಕೆ ಸಾಧ್ಯವೇ ಇಲ್ಲ. ಹಣಕ್ಕಾಗಿ ಓಡದಿದ್ದರೂ ಇಲ್ಲ! ಮೈ ಬಗ್ಗಿಸಿ ದುಡಿಯೋನಿಗೆ ಮೈಕಟ್ಟಿನ ಲಾಭ ಇರುತ್ತೆ ಅಂತ ಒಂದು ನೆಪ, ಸಾಹೇಬರು ಕೂಲಿಯವನ ಹಿಂದೆ ಬರಬಾರದು ಅನ್ನೋದು ಒಳಗಿನ ಮಾತು. 1880ರಲ್ಲಿ ಹೊಸ ಸಂಘ ಬಂದಾಗ ಆ ನಿಯಮ ಹೋಯ್ತು, ದುಡ್ಡಿನ ನಿಯಮ ಉಳೀತು. ಅದಕ್ಕೆ ಬಲಿಯಾದವರಲ್ಲಿ ಜಿಮ್ ಥೋರ್ಪ್ ಪ್ರಸಿದ್ಧ. 1912ರಲ್ಲಿ ಎರಡು ಚಿನ್ನ ಗೆದ್ದ ಈ ಅಮೆರಿಕದ ಮೂಲನಿವಾಸಿ ಹಿಂದೆ ಸ್ವಲ್ಪ ದುಡ್ಡಿಗೆ ಬೇಸ್‌ಬಾಲ್ ಆಡಿದ್ದ ಅಂತ ಮರುವರ್ಷವೇ ಪದಕ ಕಿತ್ತುಕೊಂಡರು. ಅವನೊಬ್ಬನೇ ವಿಜೇತ ಅಂತ ಮತ್ತೆ ದಾಖಲೆಗೆ ಸೇರಿದ್ದು 2022ರಲ್ಲಿ, ಅವನು ಸತ್ತು ಸುಮಾರು ಎಪ್ಪತ್ತು ವರ್ಷದ ಮೇಲೆ.

ನಮ್ಮ ಕಡೆ ಓಟ ಶುರುವಾಗಿದ್ದೇ ಹೊಟ್ಟೆಪಾಡಾಗಿ. ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಳೆದುಬಂದ ಮೈಸೂರು ಅಂಚೆಯಲ್ಲಿ ಕಾಗದ ಹೊತ್ತು ಓಡುವವರಿದ್ದರು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ಹೆಗಲ ಮೇಲೆ ಚೀಲ. ಒಬ್ಬ ಒಂದು ಹಂತದವರೆಗೆ ಓಡಿ ಇನ್ನೊಬ್ಬನಿಗೆ ಕೊಡೋದು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯ್ತು. ಲಂಡನ್ನಿನ ಆ ಕ್ಲಬ್ಬಿನವರು ನೋಡಿದ್ದರೆ ಅಂಚೆಯವರಲ್ಲಿ ಒಬ್ಬರನ್ನೂ ಒಳಗೆ ಬಿಡ್ತಿರಲಿಲ್ಲ. ಚೌಗುಲೆ ಜೊತೆ ಪುಣೆಯಲ್ಲಿ ಓಡಿದ ಹೊಲದ ಹುಡುಗರನ್ನೂ ಅಷ್ಟೇ.

ಖುಷಿಗೆ, ಆರೋಗ್ಯಕ್ಕೆ ಅಂತ ಸಾಮಾನ್ಯ ಜನ ರಸ್ತೆಗಿಳಿದು ಓಡೋದು ತೀರಾ ಇತ್ತೀಚಿನದು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಕಲಿಸಿದ ಜಾಗಿಂಗ್ 60ರ ದಶಕದಲ್ಲಿ ಅಮೆರಿಕಕ್ಕೆ ಹೋಯ್ತು. 1970ರ ಮೊದಲ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಮುಗಿಸಿದವರು ಬರೀ 55 ಜನ. ನಮ್ಮಲ್ಲಿ ಇದು ಜೋರಾದದ್ದು 2004ರಲ್ಲಿ ಮುಂಬೈ ಮ್ಯಾರಥಾನ್ ಶುರುವಾದ ಮೇಲೆ. ಈಗ ಆ ಜನವರಿಯ ಭಾನುವಾರ ಕಲ್ಯಾಣದಿಂದ ನಸುಕಿನ ಮೂರು ಗಂಟೆ ಸುಮಾರಿಗೆ ವಿಶೇಷ ಲೋಕಲ್ ಬಿಡ್ತಾರೆ. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಸೀಟು ಸಿಗೋದು ವರ್ಷಕ್ಕೆ ಅದೊಂದೇ ದಿನ, ಅದರಲ್ಲೂ ನಿಂತೇ ಹೋಗೋರಿದ್ದಾರೆ, ಕಾಲು ಬಿಗಿಯುತ್ತೆ ಅಂತ. ಅಂದಹಾಗೆ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಬಂದ ಮೊದಲ ರೈಲು ಓಡಿದ್ದು 34 ಕಿ.ಮೀ. ಮ್ಯಾರಥಾನ್‌ಗೆ ತಯಾರಿ ಮಾಡೋರು ಕೊನೆಯಲ್ಲಿ ಓಡುವ ಉದ್ದದ ಓಟ ಹೆಚ್ಚುಕಮ್ಮಿ ಅಷ್ಟೇ ದೂರ!

ಸರಿ, ಈಗ ನಮ್ಮ ಗುಂಪಿನ ಸುದ್ದಿ. ಆಗಸ್ಟ್ 22ಕ್ಕೆ ಹತ್ತಿರದ ಭಾನುವಾರ 42.75 ಕಿ.ಮೀ. ರಿಲೇ ಓಡಬೇಕು ಅಂತ ತೀರ್ಮಾನ ಆಯ್ತು. ಲೆಕ್ಕ ಎಷ್ಟು ಚೆನ್ನಾಗಿ ಕೂತಿದೆ ನೋಡಿ, ಒಂಬತ್ತು ಜನ, ತಲಾ 4.75 ಕಿ.ಮೀ. ಉಪವನ್, ಪೋಖರಣ್ ರೋಡ್ ಸುತ್ತು. ಮಳೆ ಇದ್ದೇ ಇರುತ್ತೆ. ಮಳೆಗಾಲದಲ್ಲೇ ವರ್ಷಾ ಮ್ಯಾರಥಾನ್ ಮಾಡುವ ಊರಿದು, ಅದಕ್ಕೆ ಯಾರೂ ಹೆದರಲ್ಲ.

ಎಂಟು ಹೆಸರು ಬಂತು. ಒಂಬತ್ತನೆಯದಕ್ಕೆ ನಾನು ಹೇಳಿದ್ದು ನಮ್ಮ ಸೊಸೈಟಿಯ ಸೆಕ್ಯೂರಿಟಿ ಹುಡುಗನ ಹೆಸರು. ಇಂಡಿ ತಾಲೂಕಿನವನು. ಒಂದು ಸಂಜೆ ನಾನು ಓಡೋಕೆ ಹೊರಟಾಗ "ಸರ್ರ, ನಾನೂ ಬರ್ಲೇನ್ರಿ?" ಅಂದ. ಅವತ್ತು ಅವನಿಗೆ ರಜೆ. ಮೊದಲ ಎರಡು ಕಿಲೋಮೀಟರ್ ಮಾತಾಡ್ತಾ ನನ್ನ ಜೊತೆ ಬಂದ, ಮೂರನೆಯದರಲ್ಲಿ "ಸ್ವಲ್ಪ ಜೋರ್ ಹೋಗ್ಲೇನ್ರಿ" ಅಂತ ಕೇಳಿ ಮುಂದೆ ಹೋದ. ಕಾಲಲ್ಲಿ ಡ್ಯೂಟಿ ಶೂ. ಆ ಕಿಲೋಮೀಟರಿಗೆ ಅವನು ತಗೊಂಡದ್ದು ನಾಲ್ಕು ನಿಮಿಷದ ಆಸುಪಾಸು. ಊರಲ್ಲಿ ಪೊಲೀಸ್ ಭರ್ತಿಗೆ ಅಂತ ಓಡ್ತಿದ್ದನಂತೆ.

ಗುಂಪಿನ ಮೀಟಿಂಗಿನಲ್ಲಿ ಆಕ್ಷೇಪ ಬಂತು. ಅವನು ಮೆಂಬರ್ ಅಲ್ಲ, ವರ್ಷದ ಫೀಸು ಕೊಟ್ಟಿಲ್ಲ, ಹೆಲ್ತ್ ಫಾರ್ಮ್ ತುಂಬಿಲ್ಲ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ? ಕೊನೆಯ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ಉಳಿದವರಿಗೆ ಆ ಫಾರ್ಮು ಯಾರೂ ಕೇಳಿರಲಿಲ್ಲ, ನನಗೂ ಕೇಳಿರಲಿಲ್ಲ. ನಾನು ಜಗಳ ಮಾಡಲಿಲ್ಲ. 1860ರ ದಶಕದ ಆ ನಿಯಮವನ್ನು ಇಂಗ್ಲಿಷಿನಲ್ಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗುಂಪಿನ ಡಾಕ್ಟರಮ್ಮ, ಮರಾಠಿಯವರು, ಒಂಬತ್ತು ಜನಕ್ಕೂ ತಾನೇ ತಪಾಸಣೆ ಮಾಡ್ತೀನಿ, ಒಂಬತ್ತು ಜನವೂ ಫಾರ್ಮ್ ತುಂಬಲಿ ಅಂದರು. ಹಾಗೇ ಆಯ್ತು. ಅವನು ಕನ್ನಡದಲ್ಲಿ ಸಹಿ ಹಾಕಿದ. ಶೂ ಕೊಡಿಸ್ತೀವಿ ಅಂದದ್ದಕ್ಕೆ "ಹೊಸಾವು ಕಚ್ಚತಾವ್ರಿ, ಓಟ ಮುಗಿದ ಮ್ಯಾಗ ಕೊಡ್ರಿ" ಅಂದ. ಹೆಸರು ಮಾತ್ರ ವಿಡಿಯೋದಲ್ಲಿ ಹೇಳಬೇಡಿ ಅಂದಿದ್ದಾನೆ, ಏಜೆನ್ಸಿಯವರು ಏನಂತಾರೋ ಅನ್ನೋ ಭಯ.

ಉಳಿದಿದ್ದು ಡ್ಯೂಟಿ ಸಮಸ್ಯೆ. ಶನಿವಾರ ರಾತ್ರಿ ಎಂಟರಿಂದ ಭಾನುವಾರ ಬೆಳಗ್ಗೆ ಎಂಟರವರೆಗೆ ಅವನದೇ ಪಾಳಿ, ಬದಲಿ ಸಿಗಲಿಲ್ಲ. ರಿಲೇ ಶುರುವಾಗೋದು ಐದಕ್ಕೆ. ಕಿಲೋಮೀಟರಿಗೆ ಆರು ನಿಮಿಷ ಅಂತ ಇಟ್ಟರೂ ನಾವು ಎಂಟು ಜನ ಮುಗಿಸೋಕೆ 3 ಗಂಟೆ 48 ನಿಮಿಷ ಬೇಕು. ಅಂದರೆ ಅವನ ಸರದಿ 8:48ಕ್ಕೆ. ಬಟ್ಟೆ ಬದಲಿಸಿ ಚಹಾ ಕುಡಿದು ಬರೋಕೆ ಸಾಕಷ್ಟು ಟೈಮಿದೆ. ಬೇಗ ಓಡಿ ಅವನನ್ನು ಅವಸರ ಪಡಿಸಬೇಡಿ ಅಂತ ಎಂಟೂ ಜನಕ್ಕೆ ಹೇಳಿಟ್ಟಿದ್ದೇನೆ.