ಬತ್ತಿಯಿಂದ ಬೆಳಗುವ ಬಟ್ಟೆಯವರೆಗೆ

ವಿದ್ಯಾರ್ಥಿ ಮಿತ್ರರೇ, ಮುಸ್ಸಂಜೆ ಹಚ್ಚುವ ಎಣ್ಣೆದೀಪದ ಬತ್ತಿಯನ್ನು ಎಂದಾದರೂ ಗಮನಿಸಿ ನೋಡಿದ್ದೀರಾ? ಅದು ಹೊಸೆದ ಹತ್ತಿಯ ಎಳೆ. ಮುಖ್ಯವಾಗಿ ಉರಿಯುವುದು ಎಣ್ಣೆ. ಅದನ್ನು ಜ್ವಾಲೆಯವರೆಗೆ ಏರಿಸಿಕೊಡುವುದು ಎಳೆಯ ಕೆಲಸ. ಈಗ ವಿಜ್ಞಾನಿಗಳು ಎಣ್ಣೆಯೂ ಇಲ್ಲದೆ, ಬೆಂಕಿಯೂ ಇಲ್ಲದೆ, ಎಳೆಯೇ ಬೆಳಕು ಚೆಲ್ಲುವಂತೆ ಮಾಡಿದ್ದಾರೆ. ಇದು ತೀರ ಹೊಸ ಸಂಗತಿ ಎಂದು ತೋರಬಹುದು. ಆದರೆ ಎಳೆಗೂ ಬೆಳಕಿಗೂ ಇರುವ ನಂಟು ಹಳೆಯದು. ಆ ಎಳೆಯ ಕಥೆಯ ಒಂದು ಅಧ್ಯಾಯ ನಮ್ಮ ತುಂಗಭದ್ರೆಯ ದಡದಲ್ಲೇ ನಡೆದಿದೆ.

ಈ ಎಳೆಯ ಮೂಲವಸ್ತು ಸೆಲ್ಯುಲೋಸ್. ಸಕ್ಕರೆಯ ಜಾತಿಗೆ ಸೇರಿದ ಗ್ಲೂಕೋಸ್ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಮಣಿಸರದಂತೆ ಕೂಡಿಕೊಂಡು ಆದ ವಸ್ತು ಇದು. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಇದನ್ನು ಸಸ್ಯಗಳಿಂದ ಬೇರ್ಪಡಿಸಿ ವಿವರಿಸಿದ. ಜಗಳೂರಿನ ಎರೆಹೊಲದ ಹತ್ತಿ, ಚನ್ನಗಿರಿಯ ತೋಟದ ಅಡಿಕೆ ಸಿಪ್ಪೆ, ಹೊನ್ನಾಳಿಯ ಭತ್ತದ ಹುಲ್ಲು, ನ್ಯಾಮತಿಯ ಮೆಕ್ಕೆಜೋಳದ ದಂಟು, ಎಲ್ಲದರಲ್ಲಿಯೂ ಸೆಲ್ಯುಲೋಸ್ ಇದೆ. ಹತ್ತಿಯಲ್ಲಿ ಅದರ ಪಾಲು ಶೇಕಡಾ 90ಕ್ಕೂ ಹೆಚ್ಚು; ಮರದಲ್ಲಿ ಸುಮಾರು ಅರ್ಧ.

ವಿದ್ಯುತ್ ದೀಪದ ಆರಂಭದ ದಿನಗಳಿಗೆ ಹೋಗೋಣ. ವಿದ್ಯುತ್ ಹರಿದಾಗ ಕಾದು ಬೆಳಗುವ, ಆದರೆ ಬೇಗ ಮುರಿಯದ ತಂತು ಬೇಕಾಗಿತ್ತು. 1879ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಹತ್ತಿಯ ದಾರವನ್ನು ಕರಿಕಾಗಿಸಿ, ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿಟ್ಟು ಬೆಳಗಿಸಿದ. ಮುಂದೆ ಬಿದಿರಿನ ಸೀಳನ್ನು ಬಳಸಿದ. ಹತ್ತಿಯೂ ಬಿದಿರೂ ಸೆಲ್ಯುಲೋಸ್ ತುಂಬಿದ ವಸ್ತುಗಳೇ. ಇಂಗ್ಲೆಂಡಿನ ಜೋಸೆಫ್ ಸ್ವಾನ್‌ಗೆ ಇನ್ನೂ ಒಂದೇಸಮನಾದ ತಂತು ಬೇಕೆನಿಸಿತು. ಆತ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ, ಕರಗಿಸಿ, ಸಣ್ಣ ರಂಧ್ರದ ಮೂಲಕ ಒತ್ತಿ ಎಳೆ ತೆಗೆದ. ನಮ್ಮ ಮನೆಗಳಲ್ಲಿ ಶಾವಿಗೆ ಒತ್ತುವ ರೀತಿಯನ್ನು ನೆನೆಸಿಕೊಳ್ಳಿ, ತತ್ತ್ವ ಅದೇ.

ಇಲ್ಲಿಯೇ ಒಂದು ಸ್ವಾರಸ್ಯ. ದೀಪಕ್ಕೆಂದು ತೆಗೆದ ಆ ಎಳೆ ರೇಷ್ಮೆಯಂತೆ ಹೊಳೆಯುತ್ತಿತ್ತು. ಸ್ವಾನ್ 1885ರಲ್ಲಿ ಅದರಿಂದ ಹೆಣೆದ ವಸ್ತುಗಳನ್ನು ಲಂಡನ್ನಿನ ಪ್ರದರ್ಶನದಲ್ಲಿಟ್ಟ. ಆದರೆ ಅವನ ಮನಸ್ಸು ದೀಪದ ಕಡೆಗೇ ಇತ್ತು. ಫ್ರಾನ್ಸಿನ ಶಾರ್ದೊನೆ 1884ರಲ್ಲಿ ಕೃತಕ ರೇಷ್ಮೆಗೆ ಪೇಟೆಂಟ್ ಪಡೆದು, 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರನ್ನು ಬೆರಗುಗೊಳಿಸಿದ. 1892ರಲ್ಲಿ ಕ್ರಾಸ್, ಬೆವನ್ ಮತ್ತು ಬೀಡಲ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಮರದ ತಿರುಳನ್ನು ಕಾಸ್ಟಿಕ್ ಸೋಡ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಕರಗಿಸುವ ವಿಸ್ಕೋಸ್ ವಿಧಾನವನ್ನು ಕಂಡುಹಿಡಿದರು. ಹೀಗೆ ಬಂದದ್ದೇ ರೇಯಾನ್. ಅಂದರೆ ಕೃತಕ ನೂಲಿನ ಹುಟ್ಟಿನಲ್ಲಿ ಬೆಳಕಿನ ಹುಡುಕಾಟಕ್ಕೂ ಒಂದು ಪಾಲಿದೆ!

ಇನ್ನು ನಮ್ಮ ಕಡೆಗೆ ಬರೋಣ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹೊನ್ನಾಳಿಯನ್ನು ಹಾದು ಹರಿಹರಕ್ಕೆ ಬರುತ್ತವೆ. ಚನ್ನಗಿರಿಯ ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹಳ್ಳವೂ ಹರಿಹರದ ಬಳಿ ಇದೇ ಹೊಳೆಯನ್ನು ಸೇರುತ್ತದೆ. ಹರಿಹರದ ಎದುರು ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ, ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1972ರಲ್ಲಿ ರೇಯಾನಿಗೆ ಬೇಕಾದ ಮರದ ತಿರುಳನ್ನು ತಯಾರಿಸತೊಡಗಿತು. 1977ರಲ್ಲಿ ಪಕ್ಕದಲ್ಲೇ ನೂಲಿನ ನಾರು ತಯಾರಿಸುವ ಘಟಕವೂ ಬಂತು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಪಕ್ಕದಲ್ಲೇ, ಮರದಿಂದ ಬಟ್ಟೆಯ ನಾರು ತೆಗೆಯುವ ಕೆಲಸ ಹೀಗೆ ಆರಂಭವಾಯಿತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು.

ಆದರೆ ನಾರಿಗೆ ಮರ ಬೇಕು, ಮರಕ್ಕೆ ನೆಲ ಬೇಕು, ತಿರುಳು ತೊಳೆಯಲು ನೀರು ಬೇಕು. ತ್ಯಾಜ್ಯನೀರಿನಿಂದ ಹೊಳೆ ಕೆಟ್ಟು ಮೀನುಗಳು ಸಾಯುತ್ತಿವೆ ಎಂದು ಕೆಳದಂಡೆಯ ಹಳ್ಳಿಗಳವರು ದೂರಿದರು. 1984ರಲ್ಲಿ ಸರ್ಕಾರವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿದವು. ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವುದು ಯೋಜನೆ. ಕಡತದಲ್ಲಿ ಅದು ಪಾಳುಭೂಮಿ. ಹಳ್ಳಿಯವರಿಗೆ ಅದೇ ದನಕರು ಮೇಯುವ ಗೋಮಾಳ, ಸೌದೆ ಆರಿಸುವ ಕುರುಚಲು ಕಾಡು. ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಈ ಹಿನ್ನೆಲೆಯಲ್ಲಿ ಈಗ ಬೆಳಗುವ ನೂಲನ್ನು ನೋಡೋಣ. ಪೋಲೆಂಡಿನಲ್ಲಿ ಲೋಡ್ಜ್ ಎಂಬ ನಗರವಿದೆ; ಅಲ್ಲಿನವರು ಅದನ್ನು ವೂಚ್ ಎನ್ನುತ್ತಾರೆ. ದಾವಣಗೆರೆಯಂತೆ ಅದೂ ಬಟ್ಟೆ ಗಿರಣಿಗಳಿಂದ ಬೆಳೆದು, ಪೋಲೆಂಡಿನ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಸೆಲ್ಯುಲೋಸನ್ನು ವಿಶೇಷ ದ್ರಾವಕದಲ್ಲಿ ಕರಗಿಸಿ, ಯೂರೋಪಿಯಂ, ಟೆರ್ಬಿಯಂ ಮೊದಲಾದ ವಿರಳ ಭಸ್ಮ ಧಾತುಗಳನ್ನು ಒಳಗೊಂಡ ಅತಿಸೂಕ್ಷ್ಮ ಕಣಗಳನ್ನು ಬೆರೆಸಿದರು. ಆ ದ್ರಾವಣವನ್ನು ರಂಧ್ರಗಳ ಮೂಲಕ ನೀರಿಗೆ ಒತ್ತಿದಾಗ ಎಳೆ ಗಟ್ಟಿಯಾಯಿತು. ಸಾಧಾರಣ ಬೆಳಕಿನಲ್ಲಿ ಅದು ಮಾಮೂಲಿ ನೂಲು. ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿದ್ದರೆ ಯೂರೋಪಿಯಂ ಇದ್ದದ್ದು ಕೆಂಪಾಗಿ, ಟೆರ್ಬಿಯಂ ಇದ್ದದ್ದು ಹಸಿರಾಗಿ ಬೆಳಗುತ್ತದೆ.

ಎಡಿಸನ್ನನ ತಂತು ಕಾದು ಬೆಳಗುತ್ತಿತ್ತು. ಇದು ಹಾಗಲ್ಲ, ತಂಪು ಬೆಳಕು. ಕಣವು ಕಿರಣದ ಶಕ್ತಿಯನ್ನು ಹೀರಿಕೊಂಡು, ಅದರಲ್ಲಿ ಒಂದು ಭಾಗವನ್ನು ಕಣ್ಣಿಗೆ ಕಾಣುವ ಬಣ್ಣವಾಗಿ ಹಿಂದಿರುಗಿಸುತ್ತದೆ. ಮುಖ್ಯ ದಾಖಲೆಗಳ ಕಾಗದದಲ್ಲಿ ಇಂಥ ಎಳೆ ಸೇರಿಸಿದರೆ ನಕಲಿಯನ್ನು ಪತ್ತೆಮಾಡಬಹುದು. ಉಡುಪಿನ ಅಸಲಿತನವನ್ನೂ ಗುರುತಿಸಬಹುದು.

ಇನ್ನೊಂದು ಗಮನಾರ್ಹ ಸಂಗತಿ ಆ ದ್ರಾವಕದ್ದು. ಲಯೋಸೆಲ್ ಎಂಬ ಈ ವಿಧಾನದಲ್ಲಿ ವಿಷಕಾರಿಯಾದ ಕಾರ್ಬನ್ ಡೈಸಲ್ಫೈಡ್ ಬೇಕಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ದ್ರಾವಕದ ಶೇಕಡಾ 99ಕ್ಕೂ ಹೆಚ್ಚು ಭಾಗವನ್ನು ಮರಳಿ ಪಡೆದು ಬಳಸುತ್ತಾರೆ. ಹಾಗೆಂದು ಪ್ರಶ್ನೆಗಳು ಮುಗಿಯಲಿಲ್ಲ. ತಿರುಳಿಗೆ ಮರ ಬೇಕೇ ಬೇಕು. ವಿರಳ ಭಸ್ಮ ಧಾತುಗಳನ್ನು ಅಗೆದು ಶುದ್ಧಿಮಾಡುವಲ್ಲೂ ನೆಲ, ಜಲಗಳಿಗೆ ಹಾನಿಯಾಗಬಹುದು.

ಆದ್ದರಿಂದ ಮಿತ್ರರೇ, ಮುಂದೆ ನಿಮ್ಮಲ್ಲಿ ಯಾರಾದರೂ ಜವಳಿ ತಂತ್ರಜ್ಞರೋ ರಸಾಯನಶಾಸ್ತ್ರಜ್ಞರೋ ಆಗಿ ಅಡಿಕೆ ಸಿಪ್ಪೆಯಿಂದಲೋ ಜೋಳದ ದಂಟಿನಿಂದಲೋ ಬೆಳಗುವ ನೂಲು ತೆಗೆಯಲು ಹೊರಟರೆ, ಎಷ್ಟು ಬೆಳಕು ಬಂತು ಎಂಬುದೊಂದೇ ಪ್ರಶ್ನೆಯಾಗದಿರಲಿ. ತಿರುಳು ಯಾರ ನೆಲದಿಂದ ಬಂತು, ತೊಳೆದ ನೀರು ಯಾರ ಊರಿನ ಹೊಳೆಗೆ ಹೋಯಿತು ಎಂದೂ ಕೇಳಿ. ತುಂಗಭದ್ರೆಯ ದಡದ ಜನ ನಲವತ್ತು ವರ್ಷಗಳ ಹಿಂದೆ ಕೇಳಿದ್ದು ಇವೇ ಎರಡು ಪ್ರಶ್ನೆಗಳನ್ನು.