ರೈಲು ಓಡದ ಹತ್ತು ವರ್ಷ

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಮಂಗಳೂರು ಕಡೆಯ ಬಸ್ಸುಗಳ ಬಳಿ ಬೆನ್ನಿಗೆ ಚೀಲ ಹೊತ್ತ ಯುವಕರ ಗುಂಪುಗಳು ಕಾಣುತ್ತಿದ್ದ ಕಾಲವೊಂದಿತ್ತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಹೊರಟ ನಮ್ಮಂಥವರು ಬೆಳಗಿನ ಜಾವ ಸಕಲೇಶಪುರ ದಾಟಿ ದೋಣಿಗಲ್‌ನಲ್ಲಿ ಇಳಿಯುತ್ತಿದ್ದೆವು. ರೈಲು ಓಡದ ಹಳಿಯ ಮೇಲೆ ನಡೆಯುವುದಕ್ಕಾಗಿ!

ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯ ದಾರಿ. 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಬ್ರಾಡ್ ಗೇಜ್‌ಗೆ ಬದಲಿಸಲೆಂದು 1996ರಲ್ಲಿ ಸಂಚಾರ ನಿಲ್ಲಿಸಲಾಯಿತು. ಗೂಡ್ಸ್ ರೈಲು ಮರಳಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರ್‌ನಲ್ಲಿ. ಕರಾವಳಿಯ ಜನರಿಗೆ ಈ ವಿಳಂಬ ದೊಡ್ಡ ತೊಂದರೆ. ನಡೆಯುವವರಿಗೆ ಅದೇ ಹಬ್ಬವಾಯಿತು.

ಸುರಂಗದೊಳಗೆ ಟಾರ್ಚ್ ಬೆಳಕು, ತಲೆಯ ಮೇಲೆ ಬಾವಲಿಗಳು. ಸೇತುವೆಯ ಮೇಲೆ ಸ್ಲೀಪರ್‌ಗಳ ನಡುವೆ ಇಣುಕಿದರೆ ಆಳದಲ್ಲಿ ಹರಿಯುವ ಹೊಳೆ. ರಾತ್ರಿ ಕಾಡಿನ ನಡುವಿನ ಯಡಕುಮೇರಿ ನಿಲ್ದಾಣದಲ್ಲಿ ಮಲಗಿ, ಮರುದಿನ ಗುಂಡ್ಯದ ಕಡೆಗೆ ಇಳಿಯುವುದು ರೂಢಿಯಾಗಿತ್ತು. ಯಾರ ಹೆಸರು, ಯಾವ ಜಾತಿ, ಯಾವ ಮತ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಬುತ್ತಿ ಎಲ್ಲರದೂ ಒಂದೇ.

ಆದರೆ ನಾವು ಅಲ್ಲಿ ಬಿಟ್ಟು ಬಂದದ್ದೇನು? ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಹೆಸರು. ದಾರಿಯನ್ನು ಪ್ರೀತಿಸಿದೆವು, ನೋಡಿಕೊಳ್ಳಲಿಲ್ಲ.

ಇದೇ ಕಥೆ ಬೇರೆಡೆ ಬೇರೆ ರೀತಿ ನಡೆದಿದೆ. ಅಮೆರಿಕದ ಚಿಕಾಗೋ ಬಳಿ 1957ರಲ್ಲಿ ಪ್ರಯಾಣಿಕರ ಸಂಚಾರ ನಿಂತ ರೈಲು ಮಾರ್ಗವೊಂದಿತ್ತು. ಅದನ್ನು ಕಾಲುದಾರಿಯಾಗಿ ಉಳಿಸಿಕೊಳ್ಳೋಣ ಎಂದು ಮೇ ವಾಟ್ಸ್ ಎಂಬ ಸಸ್ಯಪ್ರೇಮಿ 1963ರಲ್ಲಿ ಪತ್ರಿಕೆಗೆ ಪತ್ರ ಬರೆದರು. ನೆರೆಹೊರೆಯವರು ಸೇರಿ ಪೊದೆ ಕಡಿದರು, ಕಸ ಎತ್ತಿದರು, ಸ್ಥಳೀಯ ಆಡಳಿತದ ಬಾಗಿಲು ತಟ್ಟಿದರು. ಇಂದು ಅದು ಸುಮಾರು 100 ಕಿ.ಮೀ. ಉದ್ದದ ‘ಇಲಿನಾಯ್ ಪ್ರೇರಿ ಪಾತ್’. ಇಂಗ್ಲೆಂಡಿನ ಬ್ರಿಸ್ಟಲ್-ಬಾತ್ ನಡುವಿನ ಸೈಕಲ್ ದಾರಿಯ ಮೊದಲ ಭಾಗವನ್ನು 1979ರಲ್ಲಿ ಹಳೆಯ ರೈಲು ಮಾರ್ಗದ ಮೇಲೆ ನಿರ್ಮಿಸಿದವರೂ ಸ್ವಯಂಸೇವಕರೇ. ಅಲ್ಲೀಗ ನಡೆಯುವವರು, ಸೈಕಲ್‌ನವರು, ಗಾಲಿಕುರ್ಚಿಯವರು ಒಂದೇ ದಾರಿ ಹಂಚಿಕೊಳ್ಳುತ್ತಾರೆ.

‘ನಾಳೆ ರೈಲು ಮತ್ತೆ ಬೇಕಾದರೆ?’ ಎಂಬ ಪ್ರಶ್ನೆ ಸಹಜ. ಅದಕ್ಕೆ ಅಮೆರಿಕ 1983ರಲ್ಲಿ ಕಾನೂನಿನ ಉತ್ತರ ಕೊಟ್ಟಿತು. ರೈಲು ನಿಂತ ಜಾಗವನ್ನು ತುಂಡು ಮಾಡಿ ಮಾರದೆ ನಡಿಗೆದಾರಿಯಾಗಿ ಕಾಯ್ದಿಡಬಹುದು. ರೈಲು ಬೇಕೆಂದಾಗ ಹಿಂದಿರುಗಿಸಬೇಕು. ಅಂದರೆ ನಡೆಯುವವರೇ ಆ ಜಾಗದ ಕಾವಲುಗಾರರು. ಬಿಡಿ ನಿವೇಶನವೊಂದು ಖಾಲಿ ಬಿದ್ದರೆ ಏನಾಗುತ್ತದೆಂದು ಬಲ್ಲ ಬೆಂಗಳೂರಿಗರಿಗೆ ಈ ಮಾತಿನ ಬೆಲೆ ಬೇಗ ತಿಳಿಯುತ್ತದೆ.

ಘಾಟಿಯಲ್ಲಿ ರೈಲು ಮರಳಿದ್ದು ಸರಿಯಾಗಿಯೇ ಆಯಿತು. ಆದರೆ ನಮ್ಮಲ್ಲಿ ಕೆಲವರಿಗೆ ಹಳೆಯ ಅಭ್ಯಾಸ ಬಿಡಲಿಲ್ಲ. ರೈಲು ಓಡುವ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಕತ್ತಲ ಸುರಂಗದಲ್ಲಿ ರೈಲು ಎದುರಾದರೆ ಸಾಹಸದ ಮಾತು ಅಲ್ಲಿಗೇ ಮುಗಿಯುತ್ತದೆ. ಆ ಹತ್ತು ವರ್ಷಗಳಲ್ಲಿ ನಾವು ಒಂದು ಸಂಘ ಕಟ್ಟಿ, ರೈಲ್ವೆ ಮತ್ತು ಅರಣ್ಯ ಇಲಾಖೆಗಳೊಂದಿಗೆ ಕುಳಿತು ಮಾತನಾಡಿದ್ದರೆ, ಹಳಿಯಿಂದ ದೂರದಲ್ಲಿ ಒಂದು ಅಧಿಕೃತ ಕಾಡುದಾರಿಯನ್ನಾದರೂ ಕೇಳುವ ಹಕ್ಕು ನಮಗಿರುತ್ತಿತ್ತು.

ಗೇಜ್ ಬದಲಾದಾಗ, ಮಾರ್ಗ ಬದಲಾದಾಗ ಇನ್ನೂ ಎಲ್ಲೋ ಒಂದು ಹಳೆಯ ದಾರಿ ಸುಮ್ಮನಾಗುತ್ತದೆ. ಅಲ್ಲಿಗೆ ಮೊದಲು ಹೋಗುವವರು ಚೀಲದ ಜೊತೆ ಒಂದು ಪೊರಕೆಯನ್ನೂ, ಒಂದು ಅರ್ಜಿಯನ್ನೂ ಒಯ್ಯಲಿ.