ಹರಿಹರದ ಲೇತ್ ನಮ್ಮೂರಿಗೆ ಬಂತು

ಕಳೆದ ತಿಂಗಳು ನಾವು ಗೆಳೆಯರು ಸೇರಿ ಊರಿನ ವರ್ಕ್‌ಶಾಪಿಗೆ ಒಂದು ಹಳೆಯ ಲೇತ್ ತಂದೆವು. ಗ್ರೀಸು, ಧೂಳು ಒರೆಸಿದ ಮೇಲೆ ಹೆಸರು ಕಂಡಿತು: ಕಿರ್ಲೋಸ್ಕರ್, ಹರಿಹರ.

ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತುಂಗಭದ್ರೆಯ ದಡದ ಹರಿಹರದಲ್ಲಿ ಶುರುವಾದದ್ದು 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಆಗ ಒಳ್ಳೆಯ ಲೇತ್ ಬೇಕೆಂದರೆ ಹೆಚ್ಚಾಗಿ ಹೊರದೇಶದಿಂದಲೇ ತರಿಸಬೇಕಿತ್ತು. ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು 12 ವರ್ಷ ತಡವಾಗಿ, 1953ರಲ್ಲಿ.

ಯಂತ್ರದ ಹಿಂದಿನ ಕಥೆ ಅದರ ಮೈಮೇಲೇ ಇತ್ತು. ಬೆಡ್ ಮೇಲೆ ಬೆರಳು ಆಡಿಸಿದೆವು. ಚಕ್ ಹತ್ತಿರ ಸವೆದಿದೆ, ಟೇಲ್‌ಸ್ಟಾಕ್ ಕಡೆ ಅಷ್ಟಿಲ್ಲ. ಹೆಚ್ಚಿನ ಕೆಲಸ ಚಕ್ ಬಳಿಯೇ ನಡೆದಿದೆ. ಅಲ್ಲಿಗೆ ಸರಿಯಾಗುವಂತೆ ಕ್ಯಾರೇಜ್ ಬಿಗಿ ಮಾಡಿದರೆ ಆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಡಿಲ ಬಿಟ್ಟರೆ ಚಕ್ ಬಳಿ ಅಲುಗಾಡುತ್ತದೆ. ಮೊದಲ ದಿನ ಪಂಪ್‌ಸೆಟ್ಟಿನ ಉದ್ದ ಶಾಫ್ಟ್ ಹಾಕಿದೆವು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಬಂತು. ಈಗ ಬುಷ್, ಪಿನ್ನಿನಂಥ ಗಿಡ್ಡ ಕೆಲಸ ಮಾತ್ರ. ಅದು ಚೆನ್ನಾಗಿಯೇ ಬರುತ್ತಿದೆ.

ಹರಿಹರದ ಆ ಕಾರ್ಖಾನೆ ಮುಚ್ಚಿದೆ. ಬಿಡಿಭಾಗ ಅಲ್ಲಿಂದ ಬರುವುದಿಲ್ಲ. ಇದರ ಗುಣ ಅರಿತು ನಡೆಸಿದರೆ ಮಾತ್ರ ಇದು ಉಳಿಯುತ್ತದೆ. ನಿಮ್ಮೂರಿನ ಲೇತ್ ಮೇಲೆ ಯಾವ ಊರಿನ ಹೆಸರಿದೆ? ಒಮ್ಮೆ ಒರೆಸಿ ನೋಡಿ.